ಎರಡು ಸಲ ನೋಡಿದ ಮೇಲೆ: 2023ರ ನನ್ನ ಮೆಚ್ಚಿನ ಕನ್ನಡ ಚಿತ್ರಗಳು

ಒಂದು ಚಿತ್ರ ನನಗೆ ನಿಜವಾಗಿ ಹಿಡಿಸಿತೋ ಇಲ್ಲವೋ ಎಂಬುದು ಮೊದಲ ಸಲ ನೋಡಿದಾಗ ನನಗೆ ತಿಳಿಯುವುದಿಲ್ಲ. ಹಾಸನದ ಚಿತ್ರಮಂದಿರದಿಂದ ಹೊರಬಂದು, ಬಿ.ಎಂ. ರಸ್ತೆಯ ಬದಿಯಲ್ಲಿ ನಿಂತು ಒಂದು ಕಾಫಿ ಕುಡಿಯುವಷ್ಟರಲ್ಲಿ, ಜೊತೆಗೆ ಬಂದವರ ಮಾತು, ಪಕ್ಕದ ಸಾಲಿನಲ್ಲಿ ಬಿದ್ದ ಶಿಳ್ಳೆ, ಆ ದಿನದ ನನ್ನ ದಣಿವು ಎಲ್ಲವೂ ಸೇರಿ ಅಭಿಪ್ರಾಯವನ್ನು ಒಂದು ಕಡೆಗೆ ಎಳೆದುಬಿಟ್ಟಿರುತ್ತವೆ. ಆದ್ದರಿಂದ ಕೆಲವು ವರ್ಷಗಳಿಂದ ನಾನು ಒಂದು ಕ್ರಮವನ್ನು ಇಟ್ಟುಕೊಂಡಿದ್ದೇನೆ. ಚಿತ್ರವನ್ನು ಮೊದಲು ಊರಿನ ಚಿತ್ರಮಂದಿರದಲ್ಲಿ ನೋಡುತ್ತೇನೆ. ಟಿಕೆಟ್ಟಿನ ಚೂರನ್ನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಂಟಿಸಿ ಅದರ ಕೆಳಗೆ ನಾಲ್ಕು ಸಾಲು ಬರೆಯುತ್ತೇನೆ. ಎರಡು ಮೂರು ತಿಂಗಳು ಬಿಟ್ಟು, ಅದು ಒಟಿಟಿಗೆ ಬಂದ ಮೇಲೆ, ಮನೆಯಲ್ಲಿ ಅವ್ವ ಮತ್ತು ಮಗಳ ಜೊತೆ ಕುಳಿತು ಮತ್ತೆ ನೋಡಿ, ಹಳೆಯ ನಾಲ್ಕು ಸಾಲಿನ ಪಕ್ಕದಲ್ಲಿ ಹೊಸ ನಾಲ್ಕು ಸಾಲು ಬರೆಯುತ್ತೇನೆ. ಈ ಎರಡು ಬರಹಗಳ ನಡುವೆ ಆಗುವ ವ್ಯತ್ಯಾಸವೇ ನನ್ನ ಅಳತೆಗೋಲು.

2023ರಲ್ಲಿ ಈ ಕ್ರಮಕ್ಕೆ ಒಳ್ಳೆಯ ಪರೀಕ್ಷೆ ಎದುರಾಯಿತು. ಅದರ ಹಿಂದಿನ ವರ್ಷ ಏಪ್ರಿಲ್‌ನಲ್ಲಿ ‘ಕೆ.ಜಿ.ಎಫ್: ಚಾಪ್ಟರ್ 2’, ಸೆಪ್ಟೆಂಬರ್ ಕೊನೆಯ ದಿನ ‘ಕಾಂತಾರ’ ಬಂದು, ಕನ್ನಡ ಚಿತ್ರವೆಂದರೆ ದೇಶವೆಲ್ಲ ತಿರುಗಿ ನೋಡಬೇಕು ಎಂಬ ನಿರೀಕ್ಷೆ ಹುಟ್ಟಿತ್ತು. ಹೊಸ ವರ್ಷದಲ್ಲಿ ಯಾವ ಚಿತ್ರ ಬಂದರೂ ನಮ್ಮ ಶಾಲೆಯ ಸಹೋದ್ಯೋಗಿಗಳು ಕೇಳುತ್ತಿದ್ದ ಮೊದಲ ಪ್ರಶ್ನೆ, “ಮೇಷ್ಟ್ರೇ, ಇದು ಕಾಂತಾರದ ಥರ ಓಡುತ್ತಾ?” ಎಂಬುದೇ. ಹಾಗೆ ಓಡುವ ಚಿತ್ರ ಆ ವರ್ಷ ಬರಲಿಲ್ಲ. ಆದರೆ ಜೊತೆಯಲ್ಲಿಟ್ಟು ತೂಗಿ ನೋಡಬಹುದಾದ, ಒಂದಕ್ಕಿಂತ ಒಂದು ಬೇರೆಯಾದ ಚಿತ್ರಗಳು ಬಂದವು. ಅವುಗಳಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಬರಹಗಳಿಗೂ ನಿಂತವು ‘ಡೇರ್‌ಡೆವಿಲ್ ಮುಸ್ತಾಫಾ’, ‘ಸಪ್ತ ಸಾಗರದಾಚೆ ಎಲ್ಲೋ’ದ ಎರಡು ಭಾಗಗಳು, ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’, ‘ಆಚಾರ್ ಅಂಡ್ ಕೋ’ ಮತ್ತು ವರ್ಷದ ಕೊನೆಯ ಶುಕ್ರವಾರ ಬಂದ ‘ಕಾಟೇರ’.

ಮಾರ್ಚ್ 30ರಂದು ಬಂದ ‘ಗುರುದೇವ್ ಹೊಯ್ಸಳ’ವನ್ನು ಈ ಪಟ್ಟಿಯಿಂದ ಹೊರಗಿಟ್ಟದ್ದಕ್ಕೆ ನಮ್ಮ ಊರಿನ ಸ್ನೇಹಿತರು ಬೇಸರಪಟ್ಟುಕೊಂಡರು. ಧನಂಜಯ ಅರಸೀಕೆರೆ ತಾಲ್ಲೂಕಿನವರು, ಅದು ಅವರ 25ನೆಯ ಚಿತ್ರ, ನಮ್ಮ ಜಿಲ್ಲೆಯ ಹುಡುಗನ ಚಿತ್ರವೆಂದು ನಾನೂ ಮೊದಲ ವಾರವೇ ಹೋಗಿದ್ದೆ. ಎರಡನೆಯ ಸಲ ನೋಡಬೇಕೆಂಬ ಆಸೆ ಹುಟ್ಟಲಿಲ್ಲ, ಅಷ್ಟೇ. ಆದರೆ ಅದೇ ಧನಂಜಯ ತಮ್ಮ ಹೆಸರಿನ ಬಲವನ್ನು ಕೊಟ್ಟು ಅರ್ಪಿಸಿದ ಇನ್ನೊಂದು ಸಣ್ಣ ಚಿತ್ರ ಎರಡು ತಿಂಗಳೊಳಗೆ ಬಂತು, ಮತ್ತು ಅದರ ಬಗ್ಗೆ ನನಗೆ ಹೇಳುವುದು ಬಹಳ ಇದೆ.

‘ಡೇರ್‌ಡೆವಿಲ್ ಮುಸ್ತಾಫಾ’ ತೆರೆಗೆ ಬಂದದ್ದು ಮೇ 19ರಂದು. ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದು ಆರು ದಿನವಾಗಿತ್ತು, ಐಪಿಎಲ್ ಕೊನೆಯ ಹಂತದಲ್ಲಿತ್ತು, ಮದುವೆಗಳ ಕಾಲ ಬೇರೆ. ಭಾನುವಾರ ಮಧ್ಯಾಹ್ನದ ಪ್ರದರ್ಶನಕ್ಕೆ ನಾನು ಹೋದಾಗ ಚಿತ್ರಮಂದಿರದಲ್ಲಿ ನಲವತ್ತು ಜನರೂ ಇರಲಿಲ್ಲ. ಅವರಲ್ಲಿ ಅರ್ಧದಷ್ಟು ಜನ ಈ ಕಥೆ ಬರೆದ ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರು ಎಂಬುದು ಅವರು ಎಲ್ಲಿ ನಗುತ್ತಾರೆ ಎಂಬುದರಿಂದಲೇ ಗೊತ್ತಾಗುತ್ತಿತ್ತು. ಮಾತು ಮುಗಿಯುವ ಮೊದಲೇ ನಗು ಬಂದುಬಿಡುತ್ತಿತ್ತು. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಒಂದು ಸಣ್ಣ ಕಥೆಯನ್ನು ಹಿಡಿದು, ತೇಜಸ್ವಿಯವರ ಓದುಗರೇ ಒಟ್ಟಾಗಿ ಹಣ ಹಾಕಿ, ಶಶಾಂಕ್ ಸೋಗಾಲ್ ಎಂಬ ಹೊಸ ನಿರ್ದೇಶಕರು ಮಾಡಿದ ಚಿತ್ರ ಇದು. ಅದೇ ಸಂಕಲನದ ‘ತಬರನ ಕಥೆ’ಯನ್ನು ಗಿರೀಶ್ ಕಾಸರವಳ್ಳಿ ಚಿತ್ರ ಮಾಡಿ ಸ್ವರ್ಣಕಮಲ ತಂದಿದ್ದರು ಎಂಬುದನ್ನು ನೆನೆದರೆ, ಹೊಸಬರೊಬ್ಬರು ಆ ಪುಸ್ತಕವನ್ನು ಮತ್ತೆ ಮುಟ್ಟುವುದಕ್ಕೆ ಎಷ್ಟು ಧೈರ್ಯ ಬೇಕು ಎಂಬುದು ಅರ್ಥವಾಗುತ್ತದೆ.

ಕಥೆ ಅಬಚೂರಿನ ಕಾಲೇಜಿನದು. ಹುಡುಗರೆಲ್ಲ ಹಿಂದೂಗಳೇ ಇರುವ ತರಗತಿಗೆ ಜಮಾಲ್ ಅಬ್ದುಲ್ಲಾ ಮುಸ್ತಾಫಾ ಹುಸೇನ್ ಎಂಬ ಒಬ್ಬ ಹುಡುಗ ಬರುತ್ತಾನೆ. ಅವನು ಬರುವುದಕ್ಕೆ ಮೊದಲೇ ಅವನ ಹೆಸರು ಹಾಜರಿ ಪುಸ್ತಕದಲ್ಲಿ ಬಂದು ಕುಳಿತಿರುತ್ತದೆ. ಮೇಷ್ಟ್ರು ಆ ಉದ್ದದ ಹೆಸರನ್ನು ಕರೆಯುತ್ತಾರೆ, ಉತ್ತರವಿಲ್ಲ, ತರಗತಿಯಲ್ಲಿ ಗುಸುಗುಸು. ಇಲ್ಲದ ಮನುಷ್ಯನ ಬಗ್ಗೆ ಹುಡುಗರು ತಮ್ಮ ತಮ್ಮ ಮನಸ್ಸಿನಲ್ಲಿ ಒಬ್ಬ ಮುಸ್ತಾಫಾನನ್ನು ಕಟ್ಟಿಕೊಳ್ಳುತ್ತಾರೆ, ಮತ್ತು ನಿಜವಾದ ಹುಡುಗ ಬಂದಾಗ ಅವರ ಜಗಳವೆಲ್ಲ ತಾವೇ ಕಟ್ಟಿಕೊಂಡ ಆ ಇನ್ನೊಬ್ಬನ ಜೊತೆಯೇ ಆಗಿರುತ್ತದೆ. ನಾನು ಇಪ್ಪತ್ತೆರಡು ವರ್ಷದಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ; ಹಾಜರಿ ಕರೆಯುವಾಗ ಒಂದು ಹೆಸರಿನ ನಂತರ ತರಗತಿಯಲ್ಲಿ ಆಗುವ ಅರೆಕ್ಷಣದ ಆ ಬದಲಾವಣೆ ನನಗೆ ಚೆನ್ನಾಗಿ ಗೊತ್ತು. ಅದನ್ನು ಅಷ್ಟು ನಿಖರವಾಗಿ ತೆರೆಯ ಮೇಲೆ ನಾನು ಹಿಂದೆ ಕಂಡಿರಲಿಲ್ಲ. ಆ ತಿಂಗಳ ಕೊನೆಗೆ ಶಾಲೆ ತೆರೆದಾಗ ಎಂಟನೆಯ ತರಗತಿಯ ಹೊಸ ಹಾಜರಿ ಪುಸ್ತಕದಲ್ಲಿ ಮೂರು ಪದಗಳ ಒಂದು ಹೆಸರಿತ್ತು. ಹಿಂದಿನ ವರ್ಷಗಳಲ್ಲಾದರೆ ಮೊದಲ ಪದವನ್ನಷ್ಟೇ ಕರೆದು ಮುಂದೆ ಹೋಗುತ್ತಿದ್ದೆ. ಈ ಸಲ ಆ ಹುಡುಗಿಯನ್ನೇ ನಿಲ್ಲಿಸಿ ಹೇಗೆ ಉಚ್ಚರಿಸಬೇಕೆಂದು ಕೇಳಿ, ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ ಕರೆದೆ.

ಇದಕ್ಕೆ ಎದುರಾಗಿ ನಿಲ್ಲುವ ಚಿತ್ರ ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’, ಸೆಪ್ಟೆಂಬರ್ 1ರಂದು ಬಂದ ಅದರ ಮೊದಲ ಭಾಗ, ಸೈಡ್ ಎ. ಚಿತ್ರದ ಹೆಸರು ಗೋಪಾಲಕೃಷ್ಣ ಅಡಿಗರ ಕವಿತೆಯ ಸಾಲಿನಿಂದ ಬಂದದ್ದು. ಶ್ರೀಮಂತರ ಮನೆಯ ಕಾರು ಓಡಿಸುವ ಮನು, ಹಾಡಬೇಕೆಂದು ಕನಸು ಕಾಣುವ ಪ್ರಿಯಾ, ಇಬ್ಬರಿಗೂ ಕಡಲು ಕಾಣುವ ಕಡೆ ಒಂದು ಮನೆ ಬೇಕು. ಯಜಮಾನನ ಮಗ ಮಾಡಿದ ಅಪಘಾತದ ತಪ್ಪನ್ನು ಹಣಕ್ಕಾಗಿ ತನ್ನ ಮೇಲೆ ಹಾಕಿಕೊಂಡು ಮನು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇನೆಂದು ಮಾತು ಕೊಟ್ಟವರು ತೀರಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಚಿತ್ರದಲ್ಲಿ ನಡೆಯುವುದೆಲ್ಲ ಕಾಯುವುದು ಮಾತ್ರ.

ಇದನ್ನು ಚಿತ್ರಮಂದಿರದಲ್ಲಿ ನೋಡಿದ ಅನುಭವವನ್ನು ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಾನು ಅರ್ಧ ಚಿತ್ರವನ್ನಷ್ಟೇ ನೋಡಿದೆ. ಊರಿನ ಆ ಚಿತ್ರಮಂದಿರದ ಪ್ರೊಜೆಕ್ಟರಿನ ಬೆಳಕು ಮಂಕಾಗಿತ್ತು, ಬಲಗಡೆಯ ಸ್ಪೀಕರ್ ಗೊರಗುಟ್ಟುತ್ತಿತ್ತು. ಅದ್ವೈತ ಗುರುಮೂರ್ತಿಯವರ ಛಾಯಾಗ್ರಹಣದಲ್ಲಿ ಮೊದಲ ಭಾಗವೆಲ್ಲ ನೀಲಿಯ ಛಾಯೆಯಲ್ಲಿದೆ. ಆ ತೆರೆಯ ಮೇಲೆ ನೀಲಿಯೂ ಕಪ್ಪೂ ಒಂದೇ ಆಗಿ, ಜೈಲಿನೊಳಗಿನ ಮುಖಗಳನ್ನು ಗುರುತಿಸುವುದಕ್ಕೇ ಕಷ್ಟಪಡಬೇಕಾಯಿತು. ಮಧ್ಯಂತರದಲ್ಲಿ ಹೋಗಿ ಹೇಳಿದೆ. “ನೋಡ್ತೀವಿ ಸಾರ್” ಎಂದರು, ಏನೂ ಬದಲಾಗಲಿಲ್ಲ. ಮರುವಾರ ‘ಜವಾನ್’ ಬಂದು ಪ್ರದರ್ಶನಗಳು ಕಡಿಮೆಯಾದವು. ಇನ್ನೊಂದು ಕಡೆ ನೋಡೋಣವೆಂದರೆ ಅವಕಾಶ ಸಿಗಲಿಲ್ಲ. ಆ ದಿನದ ನನ್ನ ನಾಲ್ಕು ಸಾಲಿನಲ್ಲಿ ‘ನಿಧಾನ, ಸುಂದರ, ಆದರೆ ದೂರ’ ಎಂದಿದೆ. ಒಬ್ಬ ಛಾಯಾಗ್ರಾಹಕ ತಿಂಗಳುಗಟ್ಟಲೆ ಕುಳಿತು ಆರಿಸಿದ ಬಣ್ಣ ಸಣ್ಣ ಊರಿನ ಪ್ರೇಕ್ಷಕನಿಗೆ ತಲುಪದೇ ಹೋಗುವುದು ನನಗೆ ಇಂದಿಗೂ ನೋವಿನ ವಿಷಯ. ನಾವೂ ಅದೇ ಬೆಲೆಯ ಟಿಕೆಟ್ಟು ಕೊಂಡಿರುತ್ತೇವೆ.

ಚಿತ್ರ ತಿಂಗಳೊಳಗೆ ಒಟಿಟಿಗೆ ಬಂತು. ಮಗಳ ಹೆಡ್‌ಫೋನ್ ಹಾಕಿಕೊಂಡು ದೀಪ ಆರಿಸಿ ಮತ್ತೆ ನೋಡಿದ ರಾತ್ರಿ ನನ್ನ ಬರಹ ಪೂರ್ತಿ ಬದಲಾಯಿತು. ಕಡಲಿನ ಸದ್ದನ್ನು ಆ ಚಿತ್ರ ಎಷ್ಟು ಜೋಪಾನವಾಗಿ ಬಳಸಿದೆ, ಚರಣ್ ರಾಜ್ ಅವರ ಸಂಗೀತ ಎಲ್ಲೆಲ್ಲಿ ಹಿಂದೆ ಸರಿದು ಜಾಗ ಬಿಟ್ಟಿದೆ ಎಂಬುದೆಲ್ಲ ಆಗ ಕೇಳಿಸಿತು. ಜೈಲಿನ ಭೇಟಿಯ ದೃಶ್ಯಗಳಲ್ಲಿ ಸುತ್ತಲಿನ ಗದ್ದಲದ ನಡುವೆ ಇಬ್ಬರೂ ಪರಸ್ಪರ ಮಾತು ಕೇಳಿಸಿಕೊಳ್ಳಲು ಪಡುವ ಪಾಡಿದೆಯಲ್ಲ, ಅಲ್ಲಿ ರುಕ್ಮಿಣಿ ವಸಂತ್ ಅವರ ಮುಖದಲ್ಲಿ ಅಳುವಿಗಿಂತ ಮೊದಲು ಬರುವ ಒಂದು ಹೆಣಗಾಟವಿದೆ: ಅಳಬಾರದು, ಇರುವ ಕೆಲವೇ ನಿಮಿಷ ಅಳುವಿನಲ್ಲಿ ಹೋಗಬಾರದು ಎಂಬ ಲೆಕ್ಕಾಚಾರದ ಹೆಣಗಾಟ. ಅದು ಚಿತ್ರಮಂದಿರದ ಮಂಕಿನಲ್ಲಿ ನನಗೆ ಕಂಡಿರಲಿಲ್ಲ. ರಕ್ಷಿತ್ ಶೆಟ್ಟಿಯವರ ಮನು ಅದಕ್ಕೆ ಎದುರಾಗಿ, ಎಲ್ಲವೂ ಸರಿಹೋಗುತ್ತದೆ ಎಂದು ನಗುತ್ತಾನೆ. ಇಬ್ಬರಲ್ಲಿ ಸತ್ಯ ಯಾರಿಗೆ ಮೊದಲು ತಿಳಿಯಿತು ಎಂಬುದನ್ನು ಒಂದು ಮಾತಿಲ್ಲದೆ ಹೇಳಿದ್ದಾರೆ.

ಹೀಗೆ ಒಂದು ಚಿತ್ರ ಎರಡನೆಯ ನೋಟದಲ್ಲಿ ಬೆಳೆಯಿತು. ಅದೇ ಕಥೆಯ ಸೈಡ್ ಬಿ ಮಾತ್ರ ನನ್ನ ಕೈಯಲ್ಲಿ ಬೆಳೆಯಲಿಲ್ಲ. ಹಾಸನಾಂಬೆಯ ಗುಡಿಯ ಬಾಗಿಲು ಮುಚ್ಚಿ, ಊರಿನ ಜನಜಂಗುಳಿ ಕರಗಿ ಎರಡು ದಿನವಾಗಿತ್ತು. ನವೆಂಬರ್ 17ರಂದು ಅದು ಬಂತು, ಈ ಸಲ ಬೇರೆ ಚಿತ್ರಮಂದಿರ, ಒಳ್ಳೆಯ ಧ್ವನಿ, ತುಂಬಿದ ಆಸನಗಳು. ನೀಲಿಯ ಜಾಗದಲ್ಲಿ ಕೆಂಪು ಬಂದಿತ್ತು. ಹತ್ತು ವರ್ಷ ಕಳೆದು ಜೈಲಿನಿಂದ ಬಂದ ಮನು, ಮದುವೆಯಾಗಿ ಮಗುವಿನ ತಾಯಿಯಾದ ಪ್ರಿಯಾಳ ಬದುಕನ್ನು ದೂರದಿಂದ ಹಿಂಬಾಲಿಸುತ್ತಾನೆ. ಮೊದಲ ಸಲ ನೋಡಿದಾಗ ಅವನ ದುಃಖಕ್ಕೆ ನಾನು ಒಲಿದಿದ್ದೆ. ಮನೆಯಲ್ಲಿ ಎರಡನೆಯ ಸಲ ನೋಡುವಾಗ ಪಕ್ಕದಲ್ಲಿ ಪಿಯುಸಿ ಓದುವ ಮಗಳಿದ್ದಳು. “ಅಪ್ಪಾ, ಅವಳಿಗೆ ಗೊತ್ತಿಲ್ಲದೆ ಒಬ್ಬ ದಿನಾ ಅವಳ ಹಿಂದೆ ಸುತ್ತುತ್ತಿದ್ದರೆ ಅದನ್ನ ಪ್ರೀತಿ ಅಂತ ಯಾಕೆ ಅಂದ್ಕೋಬೇಕು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರಕ್ಕೂ ಆ ಪ್ರಶ್ನೆ ಗೊತ್ತಿದೆ, ಅದನ್ನು ಮನುವಿನ ಗೆಳೆಯನ ಬಾಯಲ್ಲಿ ಅಲ್ಲಲ್ಲಿ ಎತ್ತಿಯೂ ಇದೆ, ಆದರೆ ಕೊನೆಗೆ ಅವನ ತ್ಯಾಗದ ಬಗ್ಗೆ ಅದಕ್ಕೆ ಇರುವ ಮೋಹವೇ ಗೆಲ್ಲುತ್ತದೆ. ಸುರಭಿಯ ಪಾತ್ರದಲ್ಲಿ ಚೈತ್ರಾ ಆಚಾರ್ ಮಾಡಿದ ಕೆಲಸ ಮಾತ್ರ ಎರಡು ನೋಟದಲ್ಲೂ ಹಾಗೆಯೇ ನಿಂತಿತು. ತನ್ನನ್ನು ನೋಡುತ್ತಿರುವವನು ತನ್ನಲ್ಲಿ ಬೇರೊಬ್ಬಳನ್ನು ಹುಡುಕುತ್ತಿದ್ದಾನೆ ಎಂಬುದು ತಿಳಿದ ಹೆಣ್ಣಿನ ಆ ಸುಮ್ಮನಿರುವಿಕೆಗಾಗಿ ಸೈಡ್ ಬಿ ಪಟ್ಟಿಯಲ್ಲಿ ಉಳಿದಿದೆ, ಇಲ್ಲವಾದರೆ ಉಳಿಯುತ್ತಿರಲಿಲ್ಲ.

‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಇದಕ್ಕೆ ನೇರ ವಿರುದ್ಧ ದಿಕ್ಕಿನ ಅನುಭವ. ಜುಲೈ 21, ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಹಾಸ್ಟೆಲಿಗೆ ಹಾಸ್ಟೆಲೇ ಎದ್ದು ಬಂದ ಹಾಗೆ ಬಂದಿದ್ದರು. ವಾರ್ಡನ್ ಸತ್ತಿದ್ದಾನೆ, ಹೆಣವನ್ನು ಹುಡುಗರು ಏನಾದರೂ ಮಾಡಬೇಕು, ಎಲ್ಲವೂ ಒಂದೇ ರಾತ್ರಿಯಲ್ಲಿ ನಡೆಯಬೇಕು. ನಿತಿನ್ ಕೃಷ್ಣಮೂರ್ತಿ ಇದನ್ನು ಹೊಸ ಮುಖಗಳ ದೊಡ್ಡ ದಂಡನ್ನು ಕಟ್ಟಿಕೊಂಡು ಮಾಡಿದ್ದಾರೆ. ‘ಕಾಂತಾರ’ಕ್ಕೆ ಕ್ಯಾಮೆರಾ ಹಿಡಿದ ಅರವಿಂದ್ ಕಶ್ಯಪ್ ಇಲ್ಲಿ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಹುಡುಗರ ಜೊತೆ ಓಡಿದ್ದಾರೆ. ಅಜನೀಶ್ ಲೋಕನಾಥ್ ಅವರ ಸಂಗೀತವೂ ಅದೇ ವೇಗದಲ್ಲಿದೆ. ಆ ವರ್ಷ ಚಿತ್ರಮಂದಿರದಲ್ಲಿ ನಾನು ಪಟ್ಟ ಸಂತೋಷಗಳಲ್ಲಿ ಅತ್ಯಂತ ದೊಡ್ಡದು ಇದೇ. ಹಿಂದಿನ ಸಾಲಿನ ಒಬ್ಬ ಹುಡುಗ ಎಷ್ಟು ನಕ್ಕನೆಂದರೆ ಅವನ ಕೈಯಲ್ಲಿದ್ದ ಚುರುಮುರಿಯ ಪೊಟ್ಟಣವೆಲ್ಲ ನನ್ನ ಹೆಗಲ ಮೇಲೆ ಬಿತ್ತು, ನನಗೆ ಕೋಪವೂ ಬರಲಿಲ್ಲ.

ಮನೆಯ ಟಿ.ವಿ.ಯಲ್ಲಿ, ಮೂರೇ ಜನ ಕುಳಿತು ನೋಡಿದಾಗ ಆ ಚಿತ್ರ ಅರ್ಧಕ್ಕಿಳಿಯಿತು. ಅವ್ವನಿಗೆ ಅಷ್ಟು ಕೂಗಾಟ ತಲೆನೋವು ತಂದಿತು, ಎದ್ದು ಹೋಗಿ ಮಲಗಿದರು. ನನಗೂ ಎರಡನೆಯ ಅರ್ಧದಲ್ಲಿ ಒಂದೇ ತಮಾಷೆ ಮೂರು ಸಲ ಬಂದಂತೆ ಅನ್ನಿಸಿತು. ಇದು ಚಿತ್ರದ ದೋಷವೆಂದು ನಾನು ಭಾವಿಸುವುದಿಲ್ಲ; ಜಾತ್ರೆಯ ಬಯಲಾಟವನ್ನು ಪಡಸಾಲೆಯಲ್ಲಿ ಆಡಿಸಿದರೆ ಹಾಗೆಯೇ ಆಗುತ್ತದೆ. ಆದರೆ ನನ್ನ ಕ್ರಮದಲ್ಲಿ ಎರಡು ಬರಹಗಳೂ ಲೆಕ್ಕಕ್ಕೆ ಬರುವುದರಿಂದ ಅದು ಮೂರನೆಯ ಸ್ಥಾನಕ್ಕಿಂತ ಮೇಲೆ ಹೋಗಲಿಲ್ಲ.

ಅದರ ಮರುವಾರ, ಜುಲೈ 28ರಂದು ಬಂದ ‘ಆಚಾರ್ ಅಂಡ್ ಕೋ’ ನಮ್ಮ ಊರಿನಲ್ಲಿ ನನ್ನ ಸಮಯಕ್ಕೆ ಸಿಗಲಿಲ್ಲ. ನಾನು ಹೋಗಬೇಕೆಂದಿದ್ದ ಭಾನುವಾರ ಅದನ್ನು ತೆಗೆದಾಗಿತ್ತು. ಹೀಗಾಗಿ ಎರಡು ಸಲವೂ ಮನೆಯಲ್ಲೇ ನೋಡಿದ್ದೇನೆ. ಸಿಂಧು ಶ್ರೀನಿವಾಸಮೂರ್ತಿ ತಾವೇ ನಿರ್ದೇಶಿಸಿ, ಮನೆಯ ಮಗಳು ಸುಮಾಳಾಗಿ ತಾವೇ ನಟಿಸಿರುವ, ಅರವತ್ತು ಎಪ್ಪತ್ತರ ದಶಕದ ಬೆಂಗಳೂರಿನ ಜಯನಗರದ ಒಂದು ದೊಡ್ಡ ಕುಟುಂಬದ ಕಥೆ ಇದು. ನಗರದ ಬ್ರಾಹ್ಮಣ ಮನೆಯ ಬದುಕು ಸಕಲೇಶಪುರ ಕಡೆಯ ಒಕ್ಕಲು ಮನೆಯಲ್ಲಿ ಬೆಳೆದ ಅವ್ವನಿಗೆ ದೂರದ್ದಾಗಬಹುದು ಎಂದುಕೊಂಡಿದ್ದೆ. ಅವ್ವ ಮಾತ್ರ ಅಡುಗೆಮನೆಯ ದೃಶ್ಯ ಬಂದಾಗಲೆಲ್ಲ ಮುಂದಕ್ಕೆ ಬಾಗಿ ನೋಡುತ್ತಿದ್ದರು. “ಎಲ್ರಿಗೂ ಬಡಿಸಿ ಕೊನೆಗೆ ಕೂತ್ಕೊಳೋಳಿಗೆ ಏನುಳೀತು ಅಂತ ಯಾರೂ ಕೇಳಲ್ಲ ನೋಡು” ಎಂದರು. ಹೆಂಗಸರೇ ಹೆಚ್ಚಾಗಿ ದುಡಿದ ತಾಂತ್ರಿಕ ತಂಡದ ಚಿತ್ರ ಇದೆಂಬುದು ಅದರ ಮನೆಯ ಒಳಾಂಗಣದಲ್ಲಿ, ಪಾತ್ರೆ ಪರಡಿಯಲ್ಲಿ, ಸೆರಗಿಗೆ ಕೈ ಒರೆಸಿಕೊಳ್ಳುವ ರೀತಿಯಲ್ಲಿ ಗೊತ್ತಾಗುತ್ತದೆ. ಕಥೆ ಕೆಲವೆಡೆ ಸಡಿಲ, ಘಟನೆಗಳು ಒಂದರ ಹಿಂದೊಂದು ಸಾಲುಗಟ್ಟುತ್ತವೆ. ಆದರೂ ಸಂಸಾರದ ನೆನಪನ್ನು ಸಿಹಿಯಾಗಿಸದೆ ಹೇಳಿದ ಚಿತ್ರವಾಗಿ ಇದು ನನಗೆ ಸೈಡ್ ಬಿಗಿಂತ ಹತ್ತಿರ.

‘ಸ್ವಾತಿ ಮುತ್ತಿನ ಮಳೆ ಹನಿಯೇ’ ಚಿತ್ರವನ್ನು ಒಂದೇ ಸಲ ನೋಡಿದ್ದೇನೆ. ಸಾವಿನ ಅಂಚಿನಲ್ಲಿರುವವರ ಆರೈಕೆಯ ಮನೆಯಲ್ಲಿ ನಡೆಯುವ ಕಥೆ. ಸಿರಿ ರವಿಕುಮಾರ್ ಅವರ ಅಭಿನಯ ನೆನಪಿನಲ್ಲಿದೆ. ನಮ್ಮ ಅಪ್ಪ ಕೊನೆಯ ತಿಂಗಳುಗಳನ್ನು ಆಸ್ಪತ್ರೆಯಲ್ಲಿ ಕಳೆದದ್ದು ತೀರ ಹತ್ತಿರದ ಸಂಗತಿಯಾದ್ದರಿಂದ ಎರಡನೆಯ ಸಲ ಹಾಕುವುದಕ್ಕೆ ಕೈ ಬರಲಿಲ್ಲ. ಹೋಲಿಕೆಯಿಂದ ಅದನ್ನು ಹೊರಗಿಡುತ್ತೇನೆ.

ಇನ್ನು ‘ಕಾಟೇರ’. ಡಿಸೆಂಬರ್ 29ರಂದು ಬಂದ ಇದನ್ನು 31ರ ಭಾನುವಾರ ನೋಡಿದೆ. ವರ್ಷದ ಕೊನೆಯ ದಿನ, ನಿಲ್ಲಲೂ ಜಾಗವಿಲ್ಲದಷ್ಟು ಜನ. ತರುಣ್ ಸುಧೀರ್ ನಿರ್ದೇಶನದ ಈ ಚಿತ್ರದಲ್ಲಿ ದರ್ಶನ್ ಕುಲುಮೆ ಕೆಲಸದ ಕಾಟೇರನಾಗಿದ್ದಾರೆ, ಕಥೆ ‘ಉಳುವವನೇ ಭೂಮಿಯ ಒಡೆಯ’ ಎಂಬ ಕಾಲದ್ದು. ನಮ್ಮ ಜಿಲ್ಲೆಯ ಪ್ರೇಕ್ಷಕನಿಗೆ ಈ ವಿಷಯ ಪುಸ್ತಕದ್ದಲ್ಲ. ದೇವರಾಜ ಅರಸು ಅವರ ಸರ್ಕಾರ ತಿದ್ದಿದ ಭೂ ಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಅವ್ವನ ತವರಿನಲ್ಲಿ ಎರಡು ಎಕರೆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಅಳೆದು ಕೊಡುವ ಗೇಣಿ ಭತ್ತದ ರಾಶಿಯ ಮುಂದೆ ತಾತ ಕೈಕಟ್ಟಿ ನಿಲ್ಲುತ್ತಿದ್ದುದನ್ನು ಅವ್ವ ಕಣ್ಣಾರೆ ಕಂಡವರು. ಚಿತ್ರದ ಮೊದಲರ್ಧದಲ್ಲಿ ಬೆಳೆ ಒಡೆಯನ ಪಾಲಾಗುವ ದೃಶ್ಯಗಳು ಬಂದಾಗ ಅವ್ವನ ಕೈ ನನ್ನ ಕೈಯನ್ನು ಹಿಡಿದದ್ದು ಬಿಡಲಿಲ್ಲ. ಒಬ್ಬ ದೊಡ್ಡ ನಟನ ಚಿತ್ರ ಈ ವಿಷಯವನ್ನು ಎತ್ತಿಕೊಂಡು, ಇಷ್ಟು ಜನರ ಮುಂದೆ ಇಟ್ಟದ್ದಕ್ಕೆ ನಾನು ಮನಸಾರೆ ಕೃತಜ್ಞ.

ಆದರೆ ಎರಡನೆಯ ನೋಟದಲ್ಲಿ ಚಿತ್ರದ ಎರಡು ಭಾಗಗಳು ಒಂದಕ್ಕೊಂದು ಅಂಟಿಕೊಳ್ಳಲಿಲ್ಲ. ತಾತನಿಗೆ ಗದ್ದೆ ಬಂದದ್ದು ಮಚ್ಚಿನಿಂದಲ್ಲ. ನಮೂನೆ 7 ಎಂಬ ಅರ್ಜಿಯನ್ನು ಶಾನುಭೋಗರ ಕೈಕಾಲು ಹಿಡಿದು ಬರೆಸಿ, ಭೂ ನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ಅಲೆದು, ಒಡೆಯರ ಎದುರು ‘ಈ ಗದ್ದೆ ಉಳುತ್ತಿರುವವನು ನಾನು’ ಎಂಬ ಒಂದು ವಾಕ್ಯವನ್ನು ನಡುಗುತ್ತಾ ಹೇಳಿದ್ದರಿಂದ ಬಂತು. ಆ ವಾಕ್ಯ ಹೇಳುವುದಕ್ಕೆ ಬೇಕಾದ ಎದೆಗಾರಿಕೆಯೇ ದೊಡ್ಡ ಕಥೆ. ಚಿತ್ರ ಅದರ ಹತ್ತಿರ ಹೋಗಿ, ಹೊಡೆದಾಟದ ಕಡೆಗೆ ತಿರುಗಿಬಿಡುತ್ತದೆ. ಇನ್ನೊಂದು ಮಾತು ನಮ್ಮ ಮಲೆನಾಡಿನವರಿಗೆ ಮಾತ್ರ ಹೊಳೆಯುವಂಥದ್ದು. ಕಾಫಿ ತೋಟಗಳಂಥ ಪ್ಲಾಂಟೇಷನ್ ಜಮೀನು ಆ ಕಾಯ್ದೆಯಿಂದ ಹೊರಗುಳಿದಿತ್ತು. ಕೆಳಗಿನ ಗದ್ದೆ ಗೇಣಿದಾರನಿಗೆ ಬಂತು, ಮೇಲಿನ ತೋಟ ಇದ್ದವರಲ್ಲೇ ಉಳಿಯಿತು. ಸಕಲೇಶಪುರ, ಮೂಡಿಗೆರೆ ಕಡೆಯ ಎಷ್ಟೋ ಊರುಗಳಲ್ಲಿ ಇಂದಿಗೂ ಯಾರ ಮನೆ ಎಲ್ಲಿದೆ ಎಂಬುದರಲ್ಲಿ ಇದು ಕಾಣುತ್ತದೆ. ಅದನ್ನು ‘ಕಾಟೇರ’ ಹೇಳಬೇಕಿತ್ತು ಎಂದು ನಾನು ಹಟ ಹಿಡಿಯುವುದಿಲ್ಲ, ಅದರ ಊರು ಬೇರೆ. ಆದರೆ ವಯಸ್ಸಾದ ಕಾಟೇರನ ದೃಶ್ಯಗಳಲ್ಲಿ ದರ್ಶನ್ ತೋರಿಸಿದ ಸಂಯಮವನ್ನು ಚಿತ್ರ ಪೂರ್ತಿ ನಂಬಿದ್ದರೆ, ಈ ಪಟ್ಟಿಯಲ್ಲಿ ಅದರ ಜಾಗ ಬೇರೆಯಾಗುತ್ತಿತ್ತು.

ಉಳಿದದ್ದು ಎರಡೇ: ಮುಸ್ತಾಫಾ ಮತ್ತು ಸೈಡ್ ಎ. ಇವೆರಡನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದರಲ್ಲಿ ನಾನು ಜನವರಿಯ ಬಹುಪಾಲು ರಾತ್ರಿಗಳನ್ನು ಕಳೆದೆ ಎಂದರೆ ಉತ್ಪ್ರೇಕ್ಷೆಯಲ್ಲ. ಕಸುಬಿನ ದೃಷ್ಟಿಯಿಂದ ಸೈಡ್ ಎ ಮುಂದಿದೆ, ಅದರಲ್ಲಿ ಅನುಮಾನವಿಲ್ಲ. ಒಂದು ಚೌಕಟ್ಟು ಎಷ್ಟು ಹೊತ್ತು ನಿಲ್ಲಬೇಕು, ಸಂಗೀತ ಎಲ್ಲಿ ಸುಮ್ಮನಾಗಬೇಕು, ನಟರಿಗೆ ಎಷ್ಟು ಜಾಗ ಕೊಡಬೇಕು ಎಂಬ ಎಲ್ಲ ವಿಷಯದಲ್ಲೂ ಅಲ್ಲಿ ಪಳಗಿದ ಕೈ ಇದೆ. ಮುಸ್ತಾಫಾದಲ್ಲಿ ಆ ಹದ ಎಲ್ಲ ಕಡೆ ಇಲ್ಲ. ಕಥೆ ಹೇಳುವ ಹಿನ್ನೆಲೆಯ ಧ್ವನಿ ಅಗತ್ಯಕ್ಕಿಂತ ಹೆಚ್ಚು ಮಾತಾಡುತ್ತದೆ. ಕಣ್ಣಿಗೆ ಕಾಣುತ್ತಿರುವುದನ್ನೇ ಮತ್ತೆ ಕಿವಿಗೆ ಹೇಳುತ್ತದೆ. ತಮಾಷೆಯ ದೃಶ್ಯಗಳ ಕೆಳಗೆ ಹಾಕಿದ ಸದ್ದುಗಳು ನಗು ಬರಿಸುವ ಬದಲು ಕೆಲವು ಸಲ ತಡೆಯುತ್ತವೆ. ಹತ್ತಾರು ಪುಟದ ಕಥೆಯನ್ನು ಪೂರ್ಣ ಚಿತ್ರವಾಗಿಸುವಾಗ ಮಧ್ಯದಲ್ಲಿ ಹಿಗ್ಗಿಸಿದ ಗುರುತು ಕಾಣುತ್ತದೆ.

ಹಾಗಿದ್ದೂ ಎರಡು ಕಾರಣಕ್ಕೆ ತಕ್ಕಡಿ ಆ ಕಡೆ ವಾಲುತ್ತದೆ. ಮೊದಲನೆಯದು ಭಾಷೆ. ಸೈಡ್ ಎದಲ್ಲಿ ಮನು ಮತ್ತು ಪ್ರಿಯಾ ಆಡುವ ಮಾತು ಚೆನ್ನಾಗಿದೆ, ಆದರೆ ಅವರು ಸುಮ್ಮನಿದ್ದಾಗ ಚಿತ್ರ ಇನ್ನೂ ಚೆನ್ನಾಗಿದೆ. ಮುಸ್ತಾಫಾದಲ್ಲಿ ಕನ್ನಡವೇ ಒಂದು ಪಾತ್ರ. ಮುಸ್ತಾಫಾನಿಗೆ ಎದುರು ನಿಲ್ಲುವ ಹುಡುಗ ರಾಮಾನುಜ ಅಯ್ಯಂಗಾರಿಯ ಬಿಗುವಿನ ಮಾತು, ಅವನ ಹಿಂಬಾಲಕರ ಅರೆಬೆಂದ ಗತ್ತು, ಮೇಷ್ಟ್ರುಗಳ ಗ್ರಾಂಥಿಕ ಬೈಗುಳ, ಮುಸ್ತಾಫಾನ ತಣ್ಣಗಿನ ಜವಾಬು, ಒಬ್ಬೊಬ್ಬರ ಮಾತಿನಲ್ಲೂ ಅವರವರ ಮನೆಯ ಜಗಲಿ ಕಾಣುತ್ತದೆ. ಆದಿತ್ಯ ಆಶ್ರೀ ಅಯ್ಯಂಗಾರಿಯನ್ನು ಖಳನಾಗಿ ಮಾಡದೆ, ತನ್ನ ಭಯವನ್ನೇ ಶೌರ್ಯವೆಂದು ತಿಳಿದ ಹುಡುಗನಾಗಿ ಮಾಡಿರುವುದು ಮೊದಲ ನೋಟದಲ್ಲಿ ನನಗೆ ಕಂಡಿರಲಿಲ್ಲ. ಶಿಶಿರ್ ಬೈಕಾಡಿಯವರ ಮುಸ್ತಾಫಾ ಎಲ್ಲಿಯೂ ತಾನು ಒಳ್ಳೆಯವನೆಂದು ಸಾಬೀತು ಮಾಡಲು ಹೋಗುವುದಿಲ್ಲ. ನಮ್ಮ ಚಿತ್ರಗಳಲ್ಲಿ ಮುಸ್ಲಿಂ ಪಾತ್ರಕ್ಕೆ ಸಾಮಾನ್ಯವಾಗಿ ಹೊರಿಸುವ ಆ ಭಾರವನ್ನು ಇಳಿಸಿದ್ದಾರೆ. ಅವನಿಗೆ ಹಟವಿದೆ, ಸೊಕ್ಕಿದೆ, ಕ್ರಿಕೆಟ್ ಚೆಂಡು ಕೈಗೆ ಬಂದಾಗ ಎಲ್ಲ ಹುಡುಗರಿಗೂ ಇರುವ ಮೆರೆಯುವ ಆಸೆಯಿದೆ. ಊರನ್ನೇ ಎರಡು ಪಾಲು ಮಾಡುವ ಹಾಗೆ ಕಾಣುವ ಆ ಪಂದ್ಯದಲ್ಲಿ ಯಾರು ಯಾರನ್ನು ಸೋಲಿಸಬೇಕು ಎಂಬುದನ್ನು ಚಿತ್ರ ಬಿಡಿಸಿಕೊಳ್ಳುವ ಬಗೆ ಎಪ್ಪತ್ತರ ದಶಕದ ಕಥೆಗೂ ಸಲ್ಲುತ್ತದೆ, ಚುನಾವಣೆ ಮುಗಿದ ಆ ಮೇ ತಿಂಗಳಿಗೂ ಸಲ್ಲುತ್ತಿತ್ತು.

ಎರಡನೆಯ ಕಾರಣ, ಎರಡನೆಯ ನೋಟದಲ್ಲಿ ಆ ಚಿತ್ರ ನಮ್ಮ ಮನೆಯಲ್ಲಿ ಮಾಡಿದ ಕೆಲಸ. ಸೈಡ್ ಎ ಮುಗಿದ ರಾತ್ರಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಎಲ್ಲರೂ ಅವರವರ ಕೋಣೆಗೆ ಹೋದರು. ಅದು ಆ ಚಿತ್ರದ ಹಿರಿಮೆ. ಮುಸ್ತಾಫಾ ಮುಗಿದ ಮೇಲೆ ಟಿ.ವಿ. ಆರಿಸಿದರೂ ಮಾತು ನಿಲ್ಲಲಿಲ್ಲ. ತವರಿನ ಸಂತೆಗೆ ಒಣಮೀನು ತರುತ್ತಿದ್ದ ಒಬ್ಬ ಸಾಬಣ್ಣನ ಸುದ್ದಿಯನ್ನು ಅವ್ವ ತೆಗೆದರು. ಅವರು ಮಳೆಗಾಲಕ್ಕೆ ಮುಂಚೆ ಮನೆಗೆ ಬಂದು ಜಗಲಿಯ ಮೇಲೆ ಕುಳಿತು ತಕ್ಕಡಿ ಹಿಡಿಯುತ್ತಿದ್ದರಂತೆ, ತಾತ ಲೆಕ್ಕ ಬರೆಯಿಸುತ್ತಿದ್ದರಂತೆ, ಹಣವನ್ನು ಭತ್ತ ಒಕ್ಕಿದ ಮೇಲೆ ಕೊಟ್ಟರೂ ನಡೆಯುತ್ತಿತ್ತಂತೆ. ನಲವತ್ತಾರು ವರ್ಷದ ನನಗೆ ಆ ಮನುಷ್ಯನ ವಿಷಯ ಆವರೆಗೆ ಗೊತ್ತೇ ಇರಲಿಲ್ಲ. “ಅವರ ಹೆಸರೇನವ್ವ?” ಎಂದು ಮಗಳು ಕೇಳಿದಳು. ಅವ್ವ ಬಹಳ ಹೊತ್ತು ಯೋಚಿಸಿದರು. “ಸಾಬಣ್ಣ ಅಂತ್ಲೇ ಕರೀತಿದ್ವಿ ಕಣವ್ವ. ಹೆಸ್ರು ಯಾರೂ ಕೇಳ್ಲೇ ಇಲ್ಲ” ಎಂದರು.

ಸಂಕ್ರಾಂತಿಯ ರಜೆಯಲ್ಲಿ, ಎಳ್ಳು ಬೀರಿ ಬಂದ ಸಂಜೆ, ಮೂರನೆಯ ಸಲ ಒಂದು ಚಿತ್ರ ನೋಡೋಣ, ಯಾವುದು ಹೇಳಿ ಎಂದು ಇಬ್ಬರನ್ನೂ ಕೇಳಿದೆ. ಮಗಳು ಸೈಡ್ ಎ ಎಂದಳು, ಅವಳ ಪಾಲಿಗೆ ಅದೇ ವರ್ಷದ ಚಿತ್ರ, ಅದಕ್ಕೆ ಅವಳು ಕೊಟ್ಟ ಕಾರಣಗಳೂ ನನ್ನವಕ್ಕಿಂತ ಗಟ್ಟಿಯಾಗಿದ್ದವು. ಅವ್ವ ಮಾತ್ರ ಕಂಬಳಿ ಹೊದ್ದು ಕುಳಿತಲ್ಲಿಂದಲೇ ಹೇಳಿದರು: “ಮಗ, ಆ ಉದ್ದದ ಹೆಸ್ರು ಕರೀತಾರಲ್ಲ, ಹುಡ್ಗ ಬಂದೇ ಇರಲ್ಲ, ಅದನ್ನ ಹಾಕು.” ನೋಟ್‌ಬುಕ್ಕಿನಲ್ಲಿ ಒಂದನೆಯ ಸಂಖ್ಯೆಯ ಮುಂದೆ ಹೆಸರು ಬರೆದು, ಚಿತ್ರವನ್ನು ಮೊದಲಿನಿಂದ ಹಾಕಿದೆ.